ಸೇಂಟ್ ಆಂಗರ್: ತಪ್ಪು ಸ್ನೇರ್‌ದೋ, ಕತ್ತರಿಯದೋ?

ರಿಫ್_ರಂಗ (ಪ್ರಶ್ನೆ)

ಮೆಟಲ್ ಬ್ಯಾಂಡ್ ಮೆಟಾಲಿಕಾದ 2003ರ ಆಲ್ಬಂ ‘ಸೇಂಟ್ ಆಂಗರ್’ ಬಗ್ಗೆ ಮಾತು ತೆಗೆದರೆ ಎರಡು ಸಾಲಲ್ಲಿ ಮುಗಿದುಹೋಗುತ್ತೆ. ಸ್ನೇರ್ ಡ್ರಮ್ ಡಬ್ಬ ಬಡಿದ ಹಾಗಿದೆ, ಗಿಟಾರ್ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ನುಡಿಯೋ ಭಾಗ) ಇಲ್ಲ. ಆಮೇಲೆ ಎಲ್ಲರೂ ಅವರದೇ ಹಳೇ ಆಲ್ಬಂ ‘ಮಾಸ್ಟರ್ ಆಫ್ ಪಪೆಟ್ಸ್’ ಕಡೆ ಹೊರಟುಬಿಡುತ್ತಾರೆ.

ನನಗೆ ಅಷ್ಟಕ್ಕೇ ಬಿಡೋಕೆ ಮನಸ್ಸಿಲ್ಲ. ‘ಫ್ರಾಂಟಿಕ್’, ‘ಡರ್ಟಿ ವಿಂಡೋ’, ‘ದಿ ಅನ್‌ನೇಮ್ಡ್ ಫೀಲಿಂಗ್’ ಈ ಮೂರು ಹಾಡಿನ ರಿಫ್‌ಗಳು (ಮತ್ತೆ ಮತ್ತೆ ಬರೋ ಗಿಟಾರ್ ತುಣುಕುಗಳು) ಕೆಟ್ಟವು ಅಂತ ಯಾರಾದರೂ ಅಂದರೆ ಒಪ್ಪಲಾರೆ. ಆದರೆ 75 ನಿಮಿಷದ ಆಲ್ಬಂ ಒಂದೇ ಸಲಕ್ಕೆ ಕೇಳಿ ಮುಗಿಸೋದು ಶಿಕ್ಷೆ ಅನ್ನೋದೂ ನಿಜ. ಹಾಗಾಗಿ ತಿಳಿದವರನ್ನು ಕೇಳ್ತಿದ್ದೀನಿ: ಎಡವಿದ್ದು ನಿಖರವಾಗಿ ಎಲ್ಲಿ? ಸ್ನೇರ್ ಹಾಗೆ ಕೇಳಿಸೋಕೆ ಕಾರಣ ಏನು? ಸ್ವಂತಕ್ಕೆ ಕೇಳಿಕೊಳ್ಳೋಕೆ ಅಂತ ಅದನ್ನು ಒಂದಿಷ್ಟು ರಿಪೇರಿ ಮಾಡೋಕಾಗುತ್ತಾ? ಆಗುತ್ತೆ ಅನ್ನೋದಾದರೆ ಯಾವ ಕ್ರಮದಲ್ಲಿ ಮಾಡಬೇಕು? “ಹೊಸ ಆಲ್ಬಂ ಕೇಳಿ” ಅನ್ನೋ ಸಲಹೆ ದಯವಿಟ್ಟು ಬೇಡ.

---

ತಾಳದ_ತಂತಿ

ಸ್ನೇರ್ ವಿಷಯ ಮೊದಲು ಇತ್ಯರ್ಥ ಮಾಡೋಣ. ಅದರ ಬಗ್ಗೆ ನಗೋರು ಜಾಸ್ತಿ, ಒಳಗೆ ಏನಾಗ್ತಿದೆ ಅಂತ ಹೇಳೋರು ಕಡಿಮೆ.

ಸ್ನೇರ್ ಡ್ರಮ್‌ಗೆ ಎರಡು ಹೆಡ್, ಅಂದರೆ ಮೇಲೂ ಕೆಳಗೂ ಬಿಗಿದ ಹೊದಿಕೆ. ಕೋಲು ಬೀಳೋದು ಮೇಲಿನದಕ್ಕೆ. ಕೆಳಗಿನದು ತುಂಬಾ ತೆಳು, ಅದಕ್ಕೆ ತಾಗಿಕೊಂಡು ಸುರುಳಿ ತಂತಿಗಳ ಒಂದು ಪಟ್ಟಿ ಇರುತ್ತೆ, ಸಾಮಾನ್ಯವಾಗಿ 20 ಎಳೆ. ಮೇಲೆ ಹೊಡೆದಾಗ ಒಳಗಿನ ಗಾಳಿ ಕೆಳಗಿನ ಹೆಡ್ಡನ್ನು ತಳ್ಳುತ್ತೆ, ತಂತಿ ಅದರ ಮೇಲೆ ಪಟಪಟ ಬಡಿಯುತ್ತೆ. ನಾವು “ಸ್ನೇರ್ ಶಬ್ದ” ಅಂತ ಗುರುತಿಸೋ ಆ ಚರ್ರ್ ಅನ್ನೋದು ಈ ತಂತಿಯದೇ. ಅದು ಹೆಚ್ಚಾಗಿ 2 ಕಿಲೋಹರ್ಟ್ಜ್‌ಗಿಂತ ಮೇಲೆ ಹರಡಿಕೊಂಡಿರುತ್ತೆ, ಬೇಗ ಸಾಯುತ್ತೆ, ಡ್ರಮ್ಮಿನ ಸ್ವಂತ ರಿಂಗ್ ಮೇಲೆ ಒಂದು ಹೊದಿಕೆ ಹಾಕುತ್ತೆ.

ಪಕ್ಕದಲ್ಲಿರೋ ಲಿವರ್ ಇಳಿಸಿದರೆ ತಂತಿ ಹೆಡ್‌ನಿಂದ ದೂರ ಸರಿಯುತ್ತೆ. ಆಗ ಉಳಿಯೋದು ಬಿಗಿಯಾಗಿ ಟ್ಯೂನ್ ಮಾಡಿದ ಒಂದು ಚಿಕ್ಕ ಟಾಮ್ (ತಂತಿ ಇಲ್ಲದ ಡ್ರಮ್) ಮಾತ್ರ. ಬ್ಯಾಂಡಿನ ಡ್ರಮ್ಮರ್ ಲಾರ್ಸ್ ಉಲ್ರಿಕ್ ಈ ಆಲ್ಬಂನಲ್ಲಿ ತಂತಿ ಆಫ್ ಇಟ್ಟುಕೊಂಡೇ ನುಡಿಸಿದ್ದು. ಅದರ ಮೇಲೆ ಹೆಡ್‌ಗೆ ಜೆಲ್ ಇಲ್ಲ, ಟೇಪ್ ಇಲ್ಲ, ರಿಂಗ್ ಅಡಗಿಸೋ ಯಾವ ಉಪಾಯವೂ ಇದ್ದ ಹಾಗೆ ಕೇಳಿಸೋಲ್ಲ. ಮಿಕ್ಸ್‌ನಲ್ಲೂ ರಿವರ್ಬ್ ಸವರಿ ಮೆತ್ತಗೆ ಮಾಡಿಲ್ಲ. ಒಣ ಶಬ್ದವನ್ನೇ ಮುಂದೆ ತಂದು ನಿಲ್ಲಿಸಿದ್ದಾರೆ.

ನಿಧಾನದ ಹಾಡಲ್ಲಿ ಇದು ಅಷ್ಟೇನೂ ಕಾಡುತ್ತಿರಲಿಲ್ಲ. ತಂತಿ ಆಫ್ ಮಾಡಿದ ಸ್ನೇರ್ ಕೆಲವು ಸಂಗೀತದಲ್ಲಿ ಚೆನ್ನಾಗಿಯೇ ಕೂರುತ್ತೆ. ಇಲ್ಲಿ ಆಗಿದ್ದೇನಂದರೆ, ಡಬಲ್ ಬಾಸ್ ಡ್ರಮ್ (ಎರಡೂ ಕಾಲಲ್ಲಿ ಬಾರಿಸೋ ಕಿಕ್) ಓಡ್ತಿರೋ ವೇಗದಲ್ಲಿ ಒಂದು ಹೊಡೆತದ ರಿಂಗ್ ಮುಗಿಯೋ ಮುಂಚೆ ಇನ್ನೊಂದು ಬೀಳುತ್ತೆ. ರಿಂಗ್‌ಗೆ ಒಂದು ನಿರ್ದಿಷ್ಟ ಸ್ವರ ಇರುತ್ತೆ. ಹಾಡು ಯಾವ ಸ್ವರದಲ್ಲಿದ್ದರೂ ಆ ಒಂದೇ ಸ್ವರ ಮೇಲೆ ತೂಗಾಡ್ತಾನೇ ಇರುತ್ತೆ. ಕಿವಿ ಸೋಲೋದು ಶಬ್ದ ಜೋರಾಗಿರೋದಕ್ಕಲ್ಲ, ಈ ಜಗಳಕ್ಕೆ.

ಆದರೂ ಒಂದು ಮಾತು: ಸ್ನೇರ್ ಸರಿ ಇದ್ದಿದ್ದರೆ ಇದು ಶ್ರೇಷ್ಠ ಆಲ್ಬಂ ಆಗ್ತಿತ್ತು ಅನ್ನೋದನ್ನ ನಾನು ನಂಬೋಲ್ಲ.

---

ಹಳೇ_ಕ್ಯಾಸೆಟ್

ಮಾರಾಯ್ರೆ, ಸ್ನೇರ್ ಬಿಡಿ, ಹಿನ್ನೆಲೆ ಇಲ್ಲದೆ ಈ ಆಲ್ಬಂ ಅಳೆಯೋದು ಅನ್ಯಾಯ.

2001ರ ಜನವರಿಯಲ್ಲಿ ಜೇಸನ್ ನ್ಯೂಸ್ಟೆಡ್ ಬಿಟ್ಟು ಹೋದರು, ಬ್ಯಾಂಡಿಗೆ ಬಾಸಿಸ್ಟ್ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಪ್ರೆಸಿಡಿಯೋದಲ್ಲಿ ಹಳೇ ಮಿಲಿಟರಿ ಕಟ್ಟಡ ಹಿಡಿದು ಬರೆಯೋಕೆ ಕೂತರು. ಕೆಲವೇ ತಿಂಗಳಲ್ಲಿ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತ ಬಿಡಿಸುವ ಚಿಕಿತ್ಸೆಗೆ ಹೋದರು, ಕೆಲಸ ನಿಂತಿತು. ವಾಪಸ್ ಬಂದ ಮೇಲೆ ದಿನಕ್ಕೆ ಮಧ್ಯಾಹ್ನ 12ರಿಂದ 4ರ ತನಕ ಮಾತ್ರ ಕೆಲಸ ಅನ್ನೋ ಕಟ್ಟುಪಾಡು. ಬಾಸ್ ನುಡಿಸಿದ್ದು ನಿರ್ಮಾಪಕ ಬಾಬ್ ರಾಕ್. ಹೊಸ ಬಾಸಿಸ್ಟ್ ರಾಬರ್ಟ್ ಟ್ರುಹಿಯೋ ಸೇರಿದ್ದು 2003ರ ಫೆಬ್ರವರಿಯಲ್ಲಿ, ಅಷ್ಟೊತ್ತಿಗೆ ಆಲ್ಬಂ ಬಹುಪಾಲು ಆಗಿಹೋಗಿತ್ತು. ಇದೆಲ್ಲ 2004ರ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಸಾಕ್ಷ್ಯಚಿತ್ರದಲ್ಲಿ ಹಸಿಹಸಿಯಾಗಿ ಉಂಟು. ತಿಂಗಳಿಗೆ 40,000 ಡಾಲರ್ ಕೊಟ್ಟು ಇಟ್ಟುಕೊಂಡ ಥೆರಪಿಸ್ಟ್ ಸಾಹಿತ್ಯಕ್ಕೂ ಸಲಹೆ ಕೊಡೋಕೆ ಶುರು ಮಾಡ್ತಾರೆ, ಅದನ್ನೂ ಕ್ಯಾಮೆರಾ ಬಿಟ್ಟಿಲ್ಲ!

ಹಾಗೆ ನೋಡಿದರೆ ಆ ಕರ್ಕಶ ಶಬ್ದ ಬೇಕೆಂತಲೇ ಇಟ್ಟದ್ದು. 1991ರ ಬ್ಲ್ಯಾಕ್ ಆಲ್ಬಂನಲ್ಲಿ ಇದೇ ಬಾಬ್ ರಾಕ್ ಡ್ರಮ್ ಶಬ್ದಕ್ಕೆ ಎಷ್ಟು ನಯ ಕೊಟ್ಟಿದ್ದರು ಅಂತ ಎಲ್ಲರಿಗೂ ಗೊತ್ತು. ಅವರಿಗೆ ಸ್ನೇರ್ ಮೈಕ್ ಮಾಡೋಕೆ ಬರೋಲ್ಲ ಅಂತ ಅಲ್ಲ. ಗ್ಯಾರೇಜಿನಲ್ಲಿ ಕೂತು ಬಾರಿಸುವ ಹುಡುಗರ ಹಾಗೆ ಕೇಳಿಸಲಿ ಅಂತ ಆಸೆ ಇತ್ತು.

ಮತ್ತೆ, ಆಗ ಎಲ್ಲರೂ ಬೈದರು ಅನ್ನುವುದೂ ಪೂರ್ತಿ ನಿಜ ಅಲ್ಲ. ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಶೀರ್ಷಿಕೆ ಹಾಡಿಗೆ 2004ರಲ್ಲಿ ಮೆಟಲ್ ವಿಭಾಗದ ಗ್ರ್ಯಾಮಿ ಸಿಕ್ಕಿತು. ಬೈಗುಳ ಗಟ್ಟಿಯಾದದ್ದು ಆಮೇಲೆ, ಹೊಸತನದ ಅಮಲು ಇಳಿದ ಮೇಲೆ.

ನನ್ನ ಮಟ್ಟಿಗೆ ಇದನ್ನು ರಿಪೇರಿ ಮಾಡೋದೇ ತಪ್ಪು. ಒಡೆದುಹೋಗ್ತಿರುವ ಬ್ಯಾಂಡ್ ಒಡೆದ ಹಾಗೇ ಕೇಳಿಸಬೇಕು. ಸ್ನೇರ್ ನಯ ಮಾಡಿದರೆ ಉಳಿಯುವುದು ಆ ಕಾಲದ ನೂ ಮೆಟಲ್‌ನ ಇನ್ನೊಂದು ಸಾಧಾರಣ ಆಲ್ಬಂ.

---

ಟೇಪ್_ಕತ್ತರಿ

‘ಹಳೇ ಕ್ಯಾಸೆಟ್’ ಅವರ ವಾದಕ್ಕೆ ಗೌರವ ಇದೆ, ಆದರೆ ಒಂದು ಕಡೆ ಅದು ಕುಸಿಯುತ್ತದೆ. ಕಚ್ಚಾ ಶಬ್ದ ಬೇಕು ಅಂದವರು ಕಚ್ಚಾ ಆಗಿ ನುಡಿಸಿದ್ದನ್ನು ಹಾಗೇ ಇಡಬೇಕಿತ್ತು. ಇಲ್ಲಿ ನಡೆದದ್ದು ಬೇರೆ: ಜ್ಯಾಮ್ ಮಾಡಿದ ಗಂಟೆಗಟ್ಟಲೆ ಟೇಕ್‌ಗಳನ್ನು ಪ್ರೋ ಟೂಲ್ಸ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ತುಂಡು ಮಾಡಿ, ಅಂಟಿಸಿ ಹಾಡು ಕಟ್ಟಿದ್ದಾರೆ. ಹಾಗೆ ಕಟ್ಟುವಾಗ ತುಂಡು ನಕಲು ಮಾಡುವುದು ಬಲು ಸುಲಭ, ಅಳಿಸುವುದಕ್ಕೆ ಧೈರ್ಯ ಬೇಕು. ಈ ಆಲ್ಬಂನ ನಿಜವಾದ ದೋಷ ನನ್ನ ಪ್ರಕಾರ ಇದು.

ಲೆಕ್ಕ ನೋಡಿ. 11 ಹಾಡು, 5 ನಿಮಿಷಕ್ಕಿಂತ ಕಡಿಮೆಯದು ಒಂದೂ ಇಲ್ಲ, 6 ಹಾಡು 7 ನಿಮಿಷ ದಾಟುತ್ತವೆ. ಉದ್ದವೇ ತಪ್ಪಲ್ಲ. ‘ಮಾಸ್ಟರ್ ಆಫ್ ಪಪೆಟ್ಸ್’ ಶೀರ್ಷಿಕೆ ಹಾಡೂ ಎಂಟೂವರೆ ನಿಮಿಷದ್ದೇ. ಆದರೆ ಅದರಲ್ಲಿ ನಡುವೆ ವೇಗ ಇಳಿಯುತ್ತದೆ, ಎರಡು ಗಿಟಾರ್ ಒಟ್ಟಿಗೆ ಹಾಡುತ್ತವೆ, ಮತ್ತೆ ಏರುತ್ತದೆ, ಸೋಲೋ ಬರುತ್ತದೆ. ಸೋಲೋ ಎಂಬುದು ಅಲಂಕಾರ ಮಾತ್ರವಲ್ಲ, ಹಾಡಿನ ಮೊದಲರ್ಧವನ್ನೂ ಕೊನೆಯರ್ಧವನ್ನೂ ಬೇರ್ಪಡಿಸುವ ಗೋಡೆ. ‘ಸೇಂಟ್ ಆಂಗರ್’ನಲ್ಲಿ ಗೋಡೆ ತೆಗೆದರು, ಕೋಣೆಯ ಉದ್ದ ಮಾತ್ರ ಹಾಗೇ ಬಿಟ್ಟರು. ಪಲ್ಲವಿ, ರಿಫ್, ಪಲ್ಲವಿ, ರಿಫ್, ಅದೇ ರಿಫ್ ನಿಧಾನಕ್ಕೆ, ಮತ್ತೆ ಪಲ್ಲವಿ.

ಸಾಕ್ಷಿ ಬ್ಯಾಂಡೇ ಕೊಟ್ಟಿದೆ. ಸಾಕ್ಷ್ಯಚಿತ್ರದ ಹೆಸರೇ ಇರುವ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಹಾಡು ಆಲ್ಬಂನಲ್ಲಿ 8 ನಿಮಿಷ 25 ಸೆಕೆಂಡ್. 2004ರ ಇಪಿಯಲ್ಲಿ (ಕೆಲವೇ ಹಾಡುಗಳ ಚಿಕ್ಕ ಬಿಡುಗಡೆ) ಅದೇ ಹಾಡಿನ ಎಡಿಟ್ ಸುಮಾರು ನಾಲ್ಕೂಕಾಲು ನಿಮಿಷ. ಅರ್ಧ ಹೋಗಿದೆ, ಹಾಡು ಹೋಗಿಲ್ಲ. ಮೊದಲು ಅದನ್ನು ಕೇಳಿ, ಆಮೇಲೆ ಈ ಕೆಲಸ ಬೇಕೋ ಬೇಡವೋ ತೀರ್ಮಾನಿಸಿ.

ಬೇಕು ಅಂದರೆ ಹೀಗೆ. ಕತ್ತರಿಸುವ ಕೆಲಸ ಮೊದಲು, ಸ್ನೇರ್ ಆಮೇಲೆ. ಇದನ್ನು ತಿರುಗಾಮುರುಗಾ ಮಾಡಿದರೆ ಎಸೆದುಬಿಡುವ ಭಾಗಕ್ಕೂ ಗಂಟೆಗಟ್ಟಲೆ ಈಕ್ಯೂ (ಬೇಕಾದ ಆವರ್ತನವನ್ನು ಮಾತ್ರ ಎತ್ತುವ, ಇಳಿಸುವ ಸಾಧನ) ತಿದ್ದುತ್ತಾ ಕೂರುತ್ತೀರಿ.

ಸಿಡಿಯಿಂದ ವೇವ್ ಫೈಲ್ ತೆಗೆಯಿರಿ, ಎಂಪಿ3 ಬೇಡ. ಎಂಪಿ3ಯಲ್ಲಿ ಸಿಂಬಲ್ ಮೊದಲೇ ನೀರಾಗಿರುತ್ತದೆ, ಮುಂದಿನ ಹಂತದಲ್ಲಿ ಇನ್ನೂ ಕೆಡುತ್ತದೆ. ರೀಪರ್ ಅಥವಾ ಆಡಾಸಿಟಿಯಂಥ ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿಗೆ ಹಾಕಿ, 32 ಬಿಟ್ ಫ್ಲೋಟ್ ಇಟ್ಟು, ಇಡೀ ಟ್ರ್ಯಾಕನ್ನು 6 ಡಿಬಿ ಇಳಿಸಿ. ಆಲ್ಬಂ ಮಾಸ್ಟರ್ ತುಂಬಾ ಜೋರಾಗಿದೆ, ಇಳಿಸದೆ ಯಾವ ಆವರ್ತನದ ಬ್ಯಾಂಡ್ ಎತ್ತಿದರೂ ಕ್ಲಿಪ್ ಆಗುತ್ತದೆ, ಅಂದರೆ ಮಿತಿ ಮೀರಿ ಶಬ್ದ ಒಡೆಯುತ್ತದೆ.

ಕತ್ತರಿಸುವ ಜಾಗ: ಒಂದೇ ರಿಫ್ ಎರಡು ಕಡೆ ಬಂದಾಗ, ಎರಡರ ಮೊದಲ ಬಡಿತದಲ್ಲೂ ಕ್ರ್ಯಾಶ್ ಸಿಂಬಲ್ ಇದೆಯೇ ನೋಡಿ. ಇದ್ದರೆ ಆ ಬಡಿತಕ್ಕೆ ಕೂದಲೆಳೆಯಷ್ಟು ಮುಂಚೆ ಎರಡೂ ಕಡೆ ಕತ್ತರಿಸಿ ಕೂಡಿಸಿ, 10ರಿಂದ 20 ಮಿಲಿಸೆಕೆಂಡ್ ಕ್ರಾಸ್‌ಫೇಡ್ (ಒಂದು ತುಂಡು ಕರಗುತ್ತಾ ಇನ್ನೊಂದು ಏರುವುದು) ಕೊಡಿ. ಹೊಸ ಕ್ರ್ಯಾಶ್ ಹಳೆಯದರ ಬಾಲವನ್ನು ಮುಚ್ಚಿಬಿಡುತ್ತದೆ. ಒಂದು ಕಡೆ ಕ್ರ್ಯಾಶ್ ಇದ್ದು ಇನ್ನೊಂದು ಕಡೆ ಬರೀ ಹೈಹ್ಯಾಟ್ ಇದ್ದರೆ ಸಿಂಬಲ್ ಶಬ್ದ ಚಾಕುವಿನಲ್ಲಿ ಕಡಿದಂತೆ ನಿಲ್ಲುತ್ತದೆ, ಎಷ್ಟು ಉದ್ದದ ಕ್ರಾಸ್‌ಫೇಡ್ ಕೊಟ್ಟರೂ ಮರೆಯಾಗುವುದಿಲ್ಲ. ಇನ್ನೊಂದು ತೊಂದರೆ, ಸಾಫ್ಟ್‌ವೇರಿನ ಗ್ರಿಡ್ ನಂಬಿದರೆ ಕೆಟ್ಟಿರಿ. ವೇಗ ಒಂದು ಭಾಗದಿಂದ ಇನ್ನೊಂದಕ್ಕೆ ಜಾರುತ್ತದೆ. ಅಲೆಯನ್ನು ಹಿಗ್ಗಿಸಿ ಕಿಕ್ ಶುರುವಾಗುವ ಬಿಂದು ಕಣ್ಣಲ್ಲೇ ನೋಡಿ ಕತ್ತರಿಸಿ. ಬಾರ್‌ಗಳನ್ನು 4 ಅಥವಾ 8ರ ಗುಂಪಿನಲ್ಲೇ ತೆಗೆಯಿರಿ, 6 ತೆಗೆದರೆ ಎಲ್ಲೋ ಎಡವಿದ ಹಾಗೆ ಅನಿಸುತ್ತದೆ.

ಎಲ್ಲೆಲ್ಲಿ ತೆಗೆಯಬಹುದು? ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ನ ದನಿ ಬರುವ ಮುಂಚಿನ ಪೀಠಿಕೆ ಅರ್ಧ ಸಾಕು. ‘ಇನ್‌ವಿಸಿಬಲ್ ಕಿಡ್’ 8 ನಿಮಿಷ 30 ಸೆಕೆಂಡ್ ಇರಲು ಯಾವ ಕಾರಣವೂ ಇಲ್ಲ, ಐದೂವರೆಗೆ ಇಳಿಸಿ. ‘ಆಲ್ ವಿದಿನ್ ಮೈ ಹ್ಯಾಂಡ್ಸ್’ನ ಕೊನೆಯಲ್ಲಿ ಒಂದೇ ಪದ ಕೂಗುವ ಭಾಗ ಒಂದು ಸುತ್ತು ಉಳಿಸಿ ಮಿಕ್ಕಿದ್ದು ಬಿಡಿ. ‘ಫ್ರಾಂಟಿಕ್’ ಮುಟ್ಟಬೇಡಿ. ‘ಪ್ಯೂರಿಫೈ’ಯನ್ನು ಪೂರ್ತಿ ಬಿಟ್ಟರೂ ನನಗೆ ತಕರಾರಿಲ್ಲ. ಒಟ್ಟು 50 ನಿಮಿಷದ ಸುತ್ತ ನಿಲ್ಲಿಸಿದರೆ ಬೇರೆಯೇ ಆಲ್ಬಂ.

ಈಗ ಸ್ನೇರ್. ವಾದ್ಯಗಳನ್ನು ಬಿಡಿಸಿಕೊಡುವ ಡೆಮಕ್ಸ್ ಸಾಫ್ಟ್‌ವೇರ್‌ನಲ್ಲಿ ಹಾಡನ್ನು ಡ್ರಮ್, ಬಾಸ್, ದನಿ, ಉಳಿದದ್ದು ಅಂತ ನಾಲ್ಕಾಗಿ ಬೇರ್ಪಡಿಸಿ. ಡ್ರಮ್ ಟ್ರ್ಯಾಕ್‌ಗೆ ಮಾತ್ರ ಈಕ್ಯೂ ಹಾಕಿ. ಒಂದು ಬ್ಯಾಂಡನ್ನು ಕಿರಿದು ಮಾಡಿ (ಕ್ಯೂ 8ರಿಂದ 10), 10 ಡಿಬಿ ಎತ್ತಿ, 300ರಿಂದ 1,200 ಹರ್ಟ್ಜ್ ತನಕ ನಿಧಾನಕ್ಕೆ ಸರಿಸಿ. ಒಂದು ಕಡೆ ರಿಂಗ್ ಕಿವಿಗೆ ಚುಚ್ಚಿದಂತೆ ಚಿಮ್ಮುತ್ತದೆ. ಅಲ್ಲೇ ನಿಲ್ಲಿಸಿ, ಅದನ್ನೇ 6ರಿಂದ 9 ಡಿಬಿ ಇಳಿಸಿ. ಎರಡನೆಯದೊಂದು ರಿಂಗ್ ಸಾಮಾನ್ಯವಾಗಿ ಅದರ ಮೇಲೆ ಸಿಗುತ್ತದೆ, ಅದಕ್ಕೆ 4 ಡಿಬಿ ಸಾಕು. ಮೂರಕ್ಕಿಂತ ಹೆಚ್ಚು ಕಡೆ ಕೊರೆದರೆ ಟಾಮ್‌ಗಳೂ ಸಾಯುತ್ತವೆ. ಡೈನಾಮಿಕ್ ಈಕ್ಯೂ ಇದ್ದರೆ ಇನ್ನೂ ಒಳ್ಳೆಯದು: ಅಟ್ಯಾಕ್ 2 ಮಿಲಿಸೆಕೆಂಡ್, ರಿಲೀಸ್ 100ರ ಆಸುಪಾಸು. ಹೊಡೆತ ಬಿದ್ದಾಗ ಮಾತ್ರ ಇಳಿಯುತ್ತದೆ.

ಇದರಿಂದ ರಿಂಗ್ ತಗ್ಗುತ್ತದೆ, ಆದರೆ ತಂತಿಯ ಶಬ್ದ ಹುಟ್ಟುವುದಿಲ್ಲ. ಇಲ್ಲದ್ದನ್ನು ಈಕ್ಯೂ ಎತ್ತಿ ತರಲಾರದು, ಬಹಳ ಜನ ಇಲ್ಲೇ 5 ಕಿಲೋಹರ್ಟ್ಜ್ ಎತ್ತಿ ಎತ್ತಿ ಸಿಂಬಲ್ ಹಾಳು ಮಾಡುತ್ತಾರೆ. ತಂತಿಯನ್ನು ಹೊರಗಿಂದ ತರಬೇಕು. ಹಾಡಿನಷ್ಟೇ ಉದ್ದದ ವೈಟ್ ನಾಯ್ಸ್ ಟ್ರ್ಯಾಕ್ ಮಾಡಿ, 2.5 ಕಿಲೋಹರ್ಟ್ಜ್‌ಗಿಂತ ಕೆಳಗಿನದು ತೆಗೆಯಿರಿ. ಅದಕ್ಕೆ ಗೇಟ್ (ಶಬ್ದವನ್ನು ತೆರೆದು ಮುಚ್ಚುವ ಸಾಧನ) ಹಾಕಿ, ಯಾವಾಗ ತೆರೆಯಬೇಕು ಅಂತ ಹೇಳುವ ಅದರ ಸೈಡ್‌ಚೈನ್‌ಗೆ ಡ್ರಮ್ ಟ್ರ್ಯಾಕ್ ಕೊಡಿ. ಸ್ನೇರ್ ಬಿದ್ದಾಗೆಲ್ಲ ನಾಯ್ಸ್ ತೆರೆದುಕೊಂಡು ಮುಚ್ಚಿಕೊಳ್ಳುತ್ತದೆ. ರಿಲೀಸ್ 120 ಮಿಲಿಸೆಕೆಂಡ್, ಮಟ್ಟ ಡ್ರಮ್‌ಗಿಂತ 12 ಡಿಬಿ ಕೆಳಗೆ. ಒಂಟಿಯಾಗಿ ಕೇಳಿದರೆ ನಗು ಬರುತ್ತದೆ, ಮಿಕ್ಸ್‌ನಲ್ಲಿ ಸ್ನೇರ್ ಆಗುತ್ತದೆ. ಸೈಡ್‌ಚೈನ್ ಗೇಟ್‌ಗೆ ಆಡಾಸಿಟಿಗಿಂತ ರೀಪರ್ ಅನುಕೂಲ, ಅದರ ಜೊತೆಗೇ ಬರುವ ರೀಗೇಟ್ ಸಾಕು.

ಇದು ನಿಮ್ಮ ಹೆಡ್‌ಫೋನಿಗೆ ಮಾತ್ರ. ಎಲ್ಲಿಗೂ ಅಪ್‌ಲೋಡ್ ಮಾಡಬೇಡಿ, ಹಕ್ಕು ಅವರದ್ದು.

---

ಡ್ರಾಪ್_ಸಿ

ಗುರು, ರಿಫ್ ಚೆನ್ನಾಗಿದೆ ಅಂದ್ಯಲ್ಲ, ಅದನ್ನ ಆಲ್ಬಂ ಮೇಲೆ ಕೇಳೋದಕ್ಕಿಂತ ಕೈಯಲ್ಲಿ ನುಡಿಸಿ ನೋಡು, ಆಗ ಗೊತ್ತಾಗುತ್ತೆ.

ಹೆಚ್ಚಿನ ಹಾಡಿಗೆ ಗಿಟಾರ್ ಟ್ಯೂನಿಂಗ್ ಡ್ರಾಪ್ ಸಿ: ದಪ್ಪ ತಂತಿಯಿಂದ ಸಿ, ಜಿ, ಸಿ, ಎಫ್, ಎ, ಡಿ. ಮೊದಲು ಆರೂ ತಂತಿ ಒಂದು ಟೋನ್ ಇಳಿಸು, ಆಮೇಲೆ ದಪ್ಪದ್ದು ಮಾತ್ರ ಇನ್ನೊಂದು ಟೋನ್. 9–42 ಅನ್ನೋ ತೆಳು ತಂತಿ ಸೆಟ್ ಇಟ್ಟುಕೊಂಡು ಹೀಗೆ ಇಳಿಸಿದ್ರೆ ತಂತಿ ಹಗ್ಗದ ಥರ ತೂಗಾಡುತ್ತೆ, ಜೋರಾಗಿ ಹೊಡೆದಾಗ ಸ್ವರ ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತೆ. 11–54 ಕನಿಷ್ಠ. ಸ್ಕೇಲ್ 24.75 ಇಂಚಿನ ಗಿಟಾರಾದ್ರೆ 12–56 ಹಾಕು. ದಪ್ಪ ತಂತಿ ಹಾಕಿದ ಮೇಲೆ ನಟ್ ಸ್ಲಾಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾ ನೋಡು, ಇಂಟೊನೇಷನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿಯಾಗಿ ಬರೋದು) ಮತ್ತೆ ಸರಿ ಮಾಡು. 12ನೇ ಫ್ರೆಟ್‌ನಲ್ಲಿ ಸ್ವರ ಏರಿದ್ರೆ ಸ್ಯಾಡಲ್ ಹಿಂದಕ್ಕೆ.

ಟೇಪ್ ಕತ್ತರಿ ಅವರಿಗೆ ಒಂದು ಸೇರ್ಪಡೆ. ಗಿಟಾರ್ ಟ್ರ್ಯಾಕ್‌ಗೆ ಅಭ್ಯಾಸಬಲದಿಂದ 80 ಹರ್ಟ್ಜ್ ಕೆಳಗೆ ಕತ್ತರಿಸಬೇಡಿ. ಆ ನಿಯಮ ಸ್ಟ್ಯಾಂಡರ್ಡ್ ಟ್ಯೂನಿಂಗ್‌ದು, ಅಲ್ಲಿ ದಪ್ಪ ತಂತಿ 82 ಹರ್ಟ್ಜ್. ಇಲ್ಲಿ ಅದು 65. ಬಾಸ್ ಅದಕ್ಕಿಂತ ಒಂದು ಆಕ್ಟೇವ್ ಕೆಳಗೆ, 33ರ ಹತ್ತಿರ. ಕಿಕ್ ಡ್ರಮ್ಮೂ 60–80ರಲ್ಲೇ ಕೂರೋದ್ರಿಂದ ಮೂರೂ ಗುದ್ದಾಡ್ತವೆ. ಬಾಸ್ ಗೊಜ್ಜಾಗಿ ಕೇಳಿಸೋಕೆ ಬಾಬ್ ರಾಕ್ ಬೆರಳು ಕಾರಣ ಅಲ್ಲ, ಈ ಇಕ್ಕಟ್ಟು ಕಾರಣ. ಬಾಸ್ ಟ್ರ್ಯಾಕ್‌ನಲ್ಲಿ 700–900 ಹರ್ಟ್ಜ್ ಸುತ್ತ 3 ಡಿಬಿ ಎತ್ತಿದ್ರೆ ತಂತಿ ಮುಟ್ಟಿದ ಶಬ್ದವಾದ್ರೂ ಸಿಗುತ್ತೆ.

ಸೋಲೋ ವಿಷಯಕ್ಕೆ ಗಿಟಾರಿಸ್ಟ್ ಕರ್ಕ್ ಹ್ಯಾಮೆಟ್ ಸಾಕ್ಷ್ಯಚಿತ್ರದಲ್ಲೇ ಜಗಳ ಆಡ್ತಾರೆ. ಸೋಲೋ ಬಿಟ್ಟರೆ ಆಲ್ಬಂ ಈ ಕಾಲಕ್ಕೇ ಅಂಟಿಕೊಂಡುಬಿಡುತ್ತೆ ಅನ್ನೋದು ಅವರ ವಾದ. ಇಷ್ಟು ಸರಿಯಾಗಿ ಭವಿಷ್ಯ ಹೇಳಿದ ಮನುಷ್ಯನ ಮಾತು ಅವತ್ತು ಯಾರೂ ಕೇಳಲಿಲ್ಲ. 2008ರ ‘ಡೆತ್ ಮ್ಯಾಗ್ನೆಟಿಕ್’ನಲ್ಲಿ ಸೋಲೋ ವಾಪಸ್ ಬಂತು, ಆದ್ರೆ ಅದರ ಮಾಸ್ಟರಿಂಗ್ ಎಷ್ಟು ಜೋರು ಅಂದ್ರೆ ಶಬ್ದ ಹರಿದುಹೋಗಿತ್ತು. ಗಿಟಾರ್ ಹೀರೋ ಗೇಮ್‌ಗೆ ಬಂದ ಆವೃತ್ತಿಯೇ ಸಿಡಿಗಿಂತ ಸ್ವಚ್ಛ. 1988ರ ‘ಜಸ್ಟಿಸ್’ನಲ್ಲಿ ಬಾಸ್ ಮಾಯ, 2003ರಲ್ಲಿ ಸ್ನೇರ್, 2008ರಲ್ಲಿ ಕ್ಲಿಪಿಂಗ್. ಈ ಬ್ಯಾಂಡಿಗೆ ರಿಫ್ ಯಾವತ್ತೂ ಕೈಕೊಟ್ಟಿಲ್ಲ, ಕೊನೇ ಹಂತದಲ್ಲೇ ಏನೋ ಒಂದು.

---

ರಿಫ್_ರಂಗ

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಎರಡು ಸಂಶಯ. ನಾಯ್ಸ್ ಗೇಟ್ ಹಾಕಿದರೆ ಟಾಮ್ ಬಿದ್ದಾಗಲೂ ಚರ್ರ್ ಅನ್ನುತ್ತೆ, ಅದನ್ನು ತಡೆಯೋದು ಹೇಗೆ? ಮತ್ತೆ, ಇಷ್ಟೆಲ್ಲ ತಿದ್ದುವ ತಾಳ್ಮೆ ಇಲ್ಲದವರಿಗೆ ಬೇರೆ ದಾರಿ ಇದೆಯಾ? ಹಳೇ ಕ್ಯಾಸೆಟ್ ಅವರ ಮಾತೂ ತಲೆಯಲ್ಲಿ ಕೊರೀತಿದೆ, ಏನನ್ನೂ ಮುಟ್ಟದೆ ಕೇಳೋ ದಾರಿ ಇದ್ದರೆ ಒಳ್ಳೇದಿತ್ತು.

---

ಟೇಪ್_ಕತ್ತರಿ

ಗೇಟಿಗೆ ಹೋಗುವ ಸಂಕೇತವನ್ನು ಶೋಧಿಸಬೇಕು. ರೀಗೇಟ್‌ನಲ್ಲೇ ಅದಕ್ಕೆ ಲೋಪಾಸ್, ಹೈಪಾಸ್ ಇವೆ. ನೀವು ಈಕ್ಯೂನಲ್ಲಿ ಹುಡುಕಿಕೊಂಡ ರಿಂಗಿನ ಎರಡೂ ಬದಿಗೆ ಅವನ್ನು ತಂದು ನಿಲ್ಲಿಸಿ, ಗೇಟಿಗೆ ಆ ಕಿಂಡಿ ಮಾತ್ರ ಕಾಣಲಿ. ಎಲ್ಲರೂ ಬೈಯುವ ಆ ರಿಂಗ್ ಇಲ್ಲಿ ಉಪಕಾರಿ, ಸ್ನೇರ್ ಎಲ್ಲಿದೆ ಅಂತ ಅದೇ ತೋರಿಸಿಕೊಡುತ್ತದೆ. ಆದರೆ ಸೈಡ್‌ಚೈನ್‌ಗೆ ಈಕ್ಯೂಗಿಂತ ಮುಂಚಿನ ಡ್ರಮ್ ಟ್ರ್ಯಾಕ್ ಕೊಡಿ, ರಿಂಗ್ ತೆಗೆದಾದ ಮೇಲಿನದು ಕೊಟ್ಟರೆ ಗೇಟಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಇಷ್ಟಾದ ಮೇಲೂ ಕೆಲವು ಟಾಮ್ ರೋಲ್‌ಗಳಲ್ಲಿ ತಪ್ಪಾಗಿ ತೆರೆದುಕೊಂಡರೆ, ಆ ಜಾಗದಲ್ಲಿ ನಾಯ್ಸ್ ಟ್ರ್ಯಾಕಿನ ವಾಲ್ಯೂಮ್ ಕೈಯಾರೆ ಇಳಿಸುವುದೇ ಬೇಗ ಮುಗಿಯುವ ಕೆಲಸ.

---

ಹಳೇ_ಕ್ಯಾಸೆಟ್

ಮುಟ್ಟದೆ ಕೇಳುವ ದಾರಿ ಉಂಟಲ್ಲ! ಆಲ್ಬಂ ಜೊತೆ ಬಂದ ಡಿವಿಡಿ. 11 ಹಾಡನ್ನೂ ರಿಹರ್ಸಲ್ ಕೋಣೆಯಲ್ಲಿ ಮೊದಲಿಂದ ಕೊನೆವರೆಗೆ ನುಡಿಸಿದ್ದು ಅದರಲ್ಲಿದೆ, ಬಾಸ್ ಟ್ರುಹಿಯೋದು. ಕತ್ತರಿಸಿ ಅಂಟಿಸಿದ್ದು ಅಲ್ಲ, ನಾಲ್ವರು ಒಬ್ಬರನ್ನೊಬ್ಬರು ನೋಡಿಕೊಂಡು ನುಡಿಸ್ತಾರೆ. ಟೇಪ್ ಕತ್ತರಿಯವರು ಹೇಳಿದ “ಕಚ್ಚಾ ಆಗಿ ನುಡಿಸಿದ್ದನ್ನು ಹಾಗೇ ಇಡಬೇಕಿತ್ತು” ಅನ್ನುವುದು ಅಲ್ಲಿ ಆಗಿದೆ, ಆ ಮಾತು ನಾನು ಒಪ್ಪಿದೆ. ಉದ್ದ ಮಾತ್ರ ಅಷ್ಟೇ, ಅದಕ್ಕೆ ಮದ್ದಿಲ್ಲ.

ಮತ್ತೆ 2015ರಲ್ಲಿ ಕೆಲವು ಅಭಿಮಾನಿಗಳು ಇಡೀ ಆಲ್ಬಂ ಹೊಸದಾಗಿ ನುಡಿಸಿ, ಸ್ನೇರ್ ತಂತಿ ಹಾಕಿ, ರೆಕಾರ್ಡ್ ಮಾಡಿದ್ದಾರೆ. ಹಾಡುಗಳ ಎಲುಬು ಗಟ್ಟಿ ಉಂಟಾ ಇಲ್ಲವಾ ಅಂತ ತಿಳಿಯೋಕೆ ಒಳ್ಳೆಯದು. ಹೆಟ್‌ಫೀಲ್ಡ್ ದನಿ ಇಲ್ಲದೆ ನನಗೆ ರುಚಿಸಲಿಲ್ಲ.

---

ತಾಳದ_ತಂತಿ

‘ಆಲ್ ವಿದಿನ್ ಮೈ ಹ್ಯಾಂಡ್ಸ್’ನ ಅಕೂಸ್ಟಿಕ್ ರೂಪವನ್ನೂ ಸೇರಿಸಿ. 2018ರ ಮೇಸೋನಿಕ್ ಸಭಾಂಗಣದ ಕಚೇರಿಯಲ್ಲಿ ನುಡಿಸಿದರು, 2019ರಲ್ಲಿ ಆರ್ಕೆಸ್ಟ್ರಾ ಜೊತೆ ಮತ್ತೆ. ತಮ್ಮ ಸೇವಾ ಸಂಸ್ಥೆಗೆ ಬ್ಯಾಂಡ್ ಇಟ್ಟುಕೊಂಡಿರೋ ಹೆಸರೂ ಇದೇ ಹಾಡಿನದು, ಹಾಗಾಗಿ ಈ ಆಲ್ಬಂನ್ನು ಅವರೇ ಮರೆತಿದ್ದಾರೆ ಅನ್ನೋ ಹಾಗಿಲ್ಲ. ಮೊದಲು ಅದನ್ನು ಕೇಳಿ, ಬೆನ್ನಿಗೇ ಆಲ್ಬಂನ 8 ನಿಮಿಷ 48 ಸೆಕೆಂಡಿನದನ್ನು ಹಾಕಿ. ರಾಗ ಎಲ್ಲಿ ಹೂತುಹೋಗಿತ್ತು ಅಂತ ಕೈಯಿಟ್ಟು ತೋರಿಸಬಹುದು.

ಟೇಪ್ ಕತ್ತರಿ, ನಾಯ್ಸ್‌ಗೆ 120 ಮಿಲಿಸೆಕೆಂಡ್ ರಿಲೀಸ್ ‘ಫ್ರಾಂಟಿಕ್’ನ ವೇಗಕ್ಕೆ ಜಾಸ್ತಿ ಆಯ್ತು. 80ಕ್ಕೆ ಇಳಿಸಿ, ಇಲ್ಲದಿದ್ದರೆ ಹೊಡೆತಗಳ ನಡುವೆ ಬಾಯಿ ಮುಚ್ಚೋದೇ ಇಲ್ಲ. ‘ದಿ ಅನ್‌ನೇಮ್ಡ್ ಫೀಲಿಂಗ್’ಗೆ 150 ಇದ್ದರೂ ನಡೆಯುತ್ತೆ.